12,34,56,54,321: ಒಂದು ದೊಡ್ಡ ಸಂಖ್ಯೆಯನ್ನು ಕಾಗದದ ಮೇಲೆ ಬಿಚ್ಚುವುದು ಹೇಗೆ

ಈ ಸಂಖ್ಯೆಯನ್ನು ಒಮ್ಮೆ ಬಾಯಿಬಿಟ್ಟು ಓದಿ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಕೇಳುವುದಕ್ಕೆ ಯಾವುದೋ ಸರ್ಕಾರಿ ಯೋಜನೆಯ ಮೊತ್ತದ ಹಾಗಿದೆ. ಈಗ ಅಲ್ಪವಿರಾಮ ತೆಗೆದು ಬರೆಯಿರಿ: 12345654321. ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ, ಅದೇ ಮೆಟ್ಟಿಲು ಇಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಇದನ್ನು ನಾನು ಕಟ್ಟಿದ್ದಲ್ಲ. ನಮ್ಮ ಮಹಾವೀರಾಚಾರ್ಯರು ಸುಮಾರು 850ರಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ, ಗುಣಾಕಾರದ ಲೆಕ್ಕಗಳ ನಡುವೆ ಇದು ಬರುತ್ತದೆ. ಪುಸ್ತಕ ಸಂಸ್ಕೃತದಲ್ಲಿದೆ, ಕಾಲ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನದು. ಆಗಿನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ‘ಕವಿರಾಜಮಾರ್ಗ’ವೂ ಅದೇ ರಾಜನ ಆಸ್ಥಾನದ್ದೇ. ಆಚಾರ್ಯರು ಕೊಟ್ಟ ಲೆಕ್ಕ ಇಷ್ಟು: 27994681ನ್ನು 441ರಿಂದ ಗುಣಿಸಿ. ಉತ್ತರ ನಮ್ಮ ಮೆಟ್ಟಿಲು. ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ.

ನಾನು ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆದವಳು. ಓದಿದ್ದು ಬಿ.ಕಾಂ. ಅಷ್ಟೇ. ಕಂಪ್ಯೂಟರ್ ಬರುವ ಮೊದಲಿನ ಕಾಲದಲ್ಲಿ ಕಿರ್ದಿ, ಖತಾವಣಿ ಎಲ್ಲ ಕೈಬರಹದ್ದು. ಚಾಲಿ, ರಾಶಿ, ಬೆಟ್ಟೆ ಎಂದು ಬೇರೆ ಬೇರೆ ಪುಟ. ಸಂಜೆ ಲೆಕ್ಕ ತಾಳೆ ಬರದಿದ್ದರೆ ಮನೆಗೆ ಹೋಗುವ ಹಾಗಿಲ್ಲ. ದೊಡ್ಡ ಸಂಖ್ಯೆಯನ್ನು ಮುಟ್ಟಿ, ತಟ್ಟಿ ನೋಡುವ ಚಟ ಹತ್ತಿದ್ದು ಅಲ್ಲೇ. ಈಗ ರಜೆಗೆ ಬರುವ ಅಣ್ಣನ ಮಗಳಿಗೂ ಆ ಚಟ ಅಂಟಿಸಿದ್ದೇನೆ. ಅವಳು ಕೇಳಿದ ಮೊದಲ ಪ್ರಶ್ನೆ, “ಅತ್ತೆ, ಇಷ್ಟು ದೊಡ್ಡ ಸಂಖ್ಯೆ ಯಾವುದರಿಂದ ಭಾಗ ಹೋಗುತ್ತೆ ಅಂತ ಹೇಗೆ ಗೊತ್ತಾಗುತ್ತೆ?” ಅದಕ್ಕೆ ಉತ್ತರ ಹೇಳುತ್ತೇನೆ. ನೀವೂ ಪೆನ್ಸಿಲ್ ಹಿಡಿದುಕೊಂಡೇ ಓದಿ. ಸುಮ್ನೆ ಓದಿದರೆ ಇದರಲ್ಲಿ ರುಚಿ ಇಲ್ಲ.

ಬೇಕಾದ ಸಾಮಾನು

ಚೌಕದ ಗೆರೆ ಇರುವ ಗಣಿತದ ನೋಟ್‌ಬುಕ್ ಇದ್ದರೆ ಒಳ್ಳೆಯದು, ಅಂಕಿಗಳು ಒಂದರ ಕೆಳಗೊಂದು ಸರಿಯಾಗಿ ಕೂರುತ್ತವೆ. ಅಂಗಡಿಯಲ್ಲಿ ಇಡುವ 12 ಅಂಕಿಯ ಕ್ಯಾಲ್ಕ್ಯುಲೇಟರ್ ತಾಳೆ ನೋಡುವುದಕ್ಕೆ ಸಾಕು. ಎಕ್ಸೆಲ್‌ನಲ್ಲಿ ಮಾಡುವವರು ಒಂದು ವಿಷಯ ನೆನಪಿಟ್ಟುಕೊಳ್ಳಿ: ಅದು 15 ಅಂಕಿಗಳವರೆಗೆ ಮಾತ್ರ ನಿಖರ. 16ನೇ ಅಂಕಿಯಿಂದ ಮುಂದೆ ಸೊನ್ನೆ ತುಂಬಿಬಿಡುತ್ತದೆ, ಹೇಳುವುದೂ ಇಲ್ಲ. ನಮ್ಮ ಸಂಖ್ಯೆಗೆ 11 ಅಂಕಿ, ತೊಂದರೆ ಇಲ್ಲ. ಇದರ ಅಣ್ಣಂದಿರ ಹತ್ತಿರ ಹೋದಾಗ ಎಚ್ಚರ ಬೇಕು.

ಮೊದಲು ಅಲ್ಪವಿರಾಮ ಬದಲಿಸಿ

ನಮ್ಮ ಪದ್ಧತಿಯ 12,34,56,54,321 ಓದುವುದಕ್ಕೆ ಚೆಂದ. ಆದರೆ ಪರೀಕ್ಷೆಗೆ ಇದೇ ಅಡ್ಡಿ. ಬಲಗಡೆಯಿಂದ ಮೂರು ಮೂರು ಅಂಕಿ ಕತ್ತರಿಸಿ ಇನ್ನೊಮ್ಮೆ ಬರೆದುಕೊಳ್ಳಿ:

12 | 345 | 654 | 321

ಇದನ್ನು ಪುಟದ ಮೇಲ್ಗಡೆ ದಪ್ಪಗೆ ಬರೆದಿಡಿ. ಯಾಕೆ ಮೂರು ಎನ್ನುವುದು ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ.

ಬಾಲ ನೋಡಿ

ಯಾವ ಸಂಖ್ಯೆಯಾದರೂ ಮೊದಲು ಬಾಲ ನೋಡಬೇಕು. ಕೊನೆಯ ಅಂಕಿ 1. ಹಾಗಾಗಿ 2 ಹೋಗುವುದಿಲ್ಲ, 5 ಹೋಗುವುದಿಲ್ಲ. ಇಷ್ಟು ಎಲ್ಲರಿಗೂ ಗೊತ್ತು.

ಬಾಲ ಇನ್ನೂ ಹೇಳುತ್ತದೆ. ಪೂರ್ಣ ವರ್ಗದ ಕೊನೆಯ ಅಂಕಿ ಎಂದೂ 2, 3, 7, 8 ಆಗುವುದಿಲ್ಲ. ನಮ್ಮದು 1, ಆಸೆ ಇಟ್ಟುಕೊಳ್ಳಬಹುದು. ಬೆಸ ಸಂಖ್ಯೆಯ ವರ್ಗವಾದರೆ ಹತ್ತರ ಸ್ಥಾನದಲ್ಲಿ ಸಮ ಅಂಕಿ ಇರಲೇಬೇಕು. 81, 121, 169, 225 ನೋಡಿಕೊಳ್ಳಿ. ನಮ್ಮದರಲ್ಲಿ 2 ಇದೆ. ಬೆಸ ವರ್ಗವನ್ನು 8ರಿಂದ ಭಾಗಿಸಿದರೆ ಶೇಷ 1 ಬರಬೇಕು. ಅದಕ್ಕೆ ಕೊನೆಯ ಮೂರು ಅಂಕಿ ನೋಡಿದರೆ ಸಾಕು, ಯಾಕೆಂದರೆ 1000ಕ್ಕೆ 8 ಸರಿಯಾಗಿ ಹೋಗುತ್ತದೆ. 321 ಅಂದರೆ 320 ಮತ್ತು 1. ಪಾಸು. ಇಷ್ಟಕ್ಕೇ ಇದು ವರ್ಗ ಎಂದು ಸಾಬೀತಾಗಲಿಲ್ಲ. ವರ್ಗ ಅಲ್ಲ ಎಂದು ತಳ್ಳಿಹಾಕುವುದಕ್ಕೆ ಕಾರಣ ಸಿಗಲಿಲ್ಲ, ಅಷ್ಟೇ.

ಒಂಬತ್ತು: ಲೆಕ್ಕ ಬರೆಯುವವರ ಹಳೆಯ ಗೆಳೆಯ

ಅಂಕಿಗಳನ್ನೆಲ್ಲ ಕೂಡಿಸಿ. 1+2+3+4+5+6+5+4+3+2+1 = 36. ಮೂವತ್ತಾರಕ್ಕೆ 9 ಹೋಗುತ್ತದೆ, ಹಾಗಾಗಿ ಇಡೀ ಸಂಖ್ಯೆಗೂ ಹೋಗುತ್ತದೆ. ಕಾರಣ ಸರಳ. 10 ಅಂದರೆ 9+1, 100 ಅಂದರೆ 99+1, 1000 ಅಂದರೆ 999+1. ಪ್ರತಿ ಸ್ಥಾನವೂ ಒಂಬತ್ತರ ಯಾವುದೋ ಮಡಿಗಿಂತ ಒಂದು ಜಾಸ್ತಿ. ಆ ಒಂದೊಂದು ಉಳಿದು ಕೂಡಿಕೊಳ್ಳುತ್ತವೆ.

ಭಾಗಿಸಿ ನೋಡಿ: 12345654321 ÷ 9 = 1371739369. ಇದರ ಅಂಕಿಗಳ ಮೊತ್ತ 49. ಇನ್ನು 3 ಹೋಗುವುದಿಲ್ಲ. ಅಂದರೆ ನಮ್ಮ ಸಂಖ್ಯೆಯಲ್ಲಿ 3 ಎರಡೇ ಸಲ ಇದೆ. ಪುಟದ ಬದಿಯಲ್ಲಿ ಬರೆದಿಡಿ: 3, 3.

ಮಂಡಿಯಲ್ಲಿ ಈ ಒಂಬತ್ತನ್ನು ಬೇರೆ ಕೆಲಸಕ್ಕೆ ಬಳಸುತ್ತಿದ್ದೆವು. ಎರಡು ಮೊತ್ತ ತಾಳೆ ಬರದಿದ್ದಾಗ ಮೊದಲು ವ್ಯತ್ಯಾಸ ತೆಗೆದು, ಅದಕ್ಕೆ 9 ಹೋಗುತ್ತದಾ ನೋಡಬೇಕು. ಹೋದರೆ ಯಾರೋ ಎರಡು ಅಂಕಿಯನ್ನು ಅದಲುಬದಲು ಬರೆದಿದ್ದಾರೆ ಎಂದು ಗುಮಾನಿ ಪಡಬೇಕು. 54,320 ರೂಪಾಯಿ ಇದ್ದದ್ದು 45,320 ಆಗಿದ್ದರೆ ವ್ಯತ್ಯಾಸ 9,000. ಒಂಬತ್ತರ ಮಡಿ. ಯಾವ ಅಂಕಿ ಅದಲುಬದಲಾದರೂ ಹೀಗೇ. ಹಾಗಾಗಿ ಇದೇ ಒಂಬತ್ತನ್ನು ಗುಣಾಕಾರದ ಪರೀಕ್ಷೆಗೆ ಬಳಸುವವರು ಜಾಗ್ರತೆ. ಅಂಕಿ ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ, ಒಂಬತ್ತರ ಪರೀಕ್ಷೆ ಕಣ್ಣುಮುಚ್ಚಿಕೊಂಡು ಸರಿ ಎನ್ನುತ್ತದೆ.

ಹನ್ನೊಂದು

ಆ ಕಳ್ಳನನ್ನು ಹಿಡಿಯುವುದು ಹನ್ನೊಂದು. ಬಲದಿಂದ ಶುರುಮಾಡಿ ಒಂದು ಅಂಕಿ ಕೂಡಿಸಿ, ಮುಂದಿನದು ಕಳೆಯಿರಿ, ಮತ್ತೆ ಕೂಡಿಸಿ. 54320ಕ್ಕೆ 0−2+3−4+5 = 2. 45320ಕ್ಕೆ 0−2+3−5+4 = 0. ಬೇರೆ ಬೇರೆ ಬಂತು, ಸಿಕ್ಕಿಬಿದ್ದ. ಅಕ್ಕಪಕ್ಕದ ಎರಡು ಬೇರೆ ಅಂಕಿ ಜಾಗ ಬದಲಿಸಿದರೆ ಹನ್ನೊಂದರ ಕಣ್ಣು ತಪ್ಪಿಸುವುದು ಸಾಧ್ಯವೇ ಇಲ್ಲ. ಹಳೆಯ ಪುಸ್ತಕಗಳ ಹಿಂದಿನ 10 ಅಂಕಿಯ ಐಎಸ್‌ಬಿಎನ್ ಸಂಖ್ಯೆಯಲ್ಲೂ ಕಾವಲಿಗೆ ನಿಂತಿದ್ದು ಈ ಹನ್ನೊಂದೇ.

ನಮ್ಮ ಸಂಖ್ಯೆಗೆ: 1−2+3−4+5−6+5−4+3−2+1 = 0. ಸೊನ್ನೆ ಬಂದರೆ 11 ಹೋಗುತ್ತದೆ. ಈಗಾಗಲೇ 9 ತೆಗೆದಿಟ್ಟ 1371739369ನ್ನು ಭಾಗಿಸಿದರೆ 124703579. ಇಲ್ಲಿಗೇ ಬಿಡಬೇಡಿ, ಮತ್ತೊಮ್ಮೆ ಪರೀಕ್ಷಿಸಿ: 9−7+5−3+0−7+4−2+1 = 0. ಇನ್ನೊಂದು 11 ಇದೆ!

ಹನ್ನೊಂದರ ಭಾಗಾಕಾರಕ್ಕೆ ಒಂದು ಸುಲಭದ ದಾರಿ ಇದೆ. ಶೇಷ ಉಳಿಯುವುದಿಲ್ಲ ಎಂದು ಖಾತ್ರಿ ಇದ್ದಾಗ ಬಲಗಡೆಯಿಂದ ಭಾಗಿಸಬಹುದು. 124703579 ತೆಗೆದುಕೊಳ್ಳಿ. ಬಿಡಿ ಸ್ಥಾನದ 9 ಹಾಗೇ ಇಳಿಸಿ, ಅದೇ ಉತ್ತರದ ಕೊನೆಯ ಅಂಕಿ. ಎಡಗಡೆಯ 7ರಲ್ಲಿ ಈ 9 ಕಳೆಯಿರಿ. ಹೋಗುವುದಿಲ್ಲ, ಪಕ್ಕದಿಂದ ಸಾಲ ತಂದು 17−9 = 8. ಮುಂದಿನ 5 ಸಾಲ ಕೊಟ್ಟು 4 ಆಗಿದೆ. ಅದರಲ್ಲಿ 8 ಹೋಗುವುದಿಲ್ಲ, 14−8 = 6. ಮುಂದಿನ 3 ಈಗ 2, 12−6 = 6. ಮುಂದೆ 0. ಅದೂ ಒಂದು ಸಾಲ ಕೊಟ್ಟಿದೆ, ಹಾಗಾಗಿ 9−6 = 3, ಎಡಗಡೆಗೆ ಸಾಲ ಮುಂದುವರಿಯಿತು. 7 ಇದ್ದದ್ದು 6, 6−3 = 3. 4−3 = 1. 2−1 = 1. ಕೊನೆಯ 1−1 = 0, ಲೆಕ್ಕ ಚುಕ್ತಾ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಜೋಡಿಸಿದರೆ 11336689. ಮಗ್ಗಿ ಬೇಕಾಗಲಿಲ್ಲ, ಬರೀ ಕಳೆಯುವುದು. ಕೊನೆಗೆ ಸೊನ್ನೆ ಬರದಿದ್ದರೆ ಮಧ್ಯೆ ಎಲ್ಲೋ ಕೈ ಜಾರಿದೆ ಎಂದರ್ಥ, ಹಾಗಾಗಿ ತಾಳೆಯೂ ಅದರಲ್ಲೇ ಸೇರಿದೆ.

ಮೂರನೇ ಸಲ ಪರೀಕ್ಷಿಸಿದರೆ 9−8+6−6+3−3+1−1 = 1. ಇನ್ನು 11 ಇಲ್ಲ. ಬದಿಯಲ್ಲಿ ಬರೆಯಿರಿ: 11, 11.

ಏಳು, ಹದಿಮೂರು: ಈಗ ಮೂರು ಮೂರು ಅಂಕಿ

ಏಳರ ಪರೀಕ್ಷೆಗೆ ಶಾಲೆಯಲ್ಲಿ ಕೊನೆಯ ಅಂಕಿ ದುಪ್ಪಟ್ಟು ಮಾಡಿ ಕಳೆಯುವ ವಿಧಾನ ಹೇಳಿಕೊಡುತ್ತಾರೆ. ಹನ್ನೊಂದು ಅಂಕಿಯ ಸಂಖ್ಯೆಗೆ ಅದು ಬೇಸರದ ಕೆಲಸ. ನನಗೆ 1001 ಇಷ್ಟ. 7 × 11 × 13 = 1001. ಈ ಒಂದು ಸಾಲು ಬಾಯಿಪಾಠ ಮಾಡಿಕೊಂಡರೆ ಮೂರು ಪರೀಕ್ಷೆ ಒಟ್ಟಿಗೇ ಸಿಕ್ಕಿದ ಹಾಗೆ. 1000 ಅಂದರೆ 1001ಕ್ಕೆ ಒಂದು ಕಮ್ಮಿ. ಹಾಗಾಗಿ ಮೂರು ಮೂರು ಅಂಕಿಯ ಗುಂಪುಗಳನ್ನು ಬಲದಿಂದ ಕೂಡಿಸಿ, ಕಳೆದು, ಕೂಡಿಸಿ, ಕಳೆಯುತ್ತಾ ಹೋದರೆ ಸಿಗುವ ಚಿಕ್ಕ ಸಂಖ್ಯೆಗೂ ಮೂಲ ಸಂಖ್ಯೆಗೂ 1001ರ ಲೆಕ್ಕದಲ್ಲಿ ಒಂದೇ ಶೇಷ.

ಮೇಲೆ ದಪ್ಪಗೆ ಬರೆದಿಟ್ಟದ್ದು ನೋಡಿ: 321 − 654 + 345 − 12 = 0. ಇಡೀ ಸಂಖ್ಯೆಗೆ 1001 ಸರಿಯಾಗಿ ಹೋಗುತ್ತದೆ. 7 ಇದೆ, 13 ಇದೆ, 11 ಇರುವುದು ಮೊದಲೇ ಗೊತ್ತಿತ್ತು.

ಈಗ ಕೈಯಲ್ಲಿ ಉಳಿದ 11336689 ತೆಗೆದುಕೊಳ್ಳಿ. 11 | 336 | 689. 689 − 336 + 11 = 364. ಇದು 91 × 4. ತೊಂಬತ್ತೊಂದು ಅಂದರೆ 7 × 13, ಎರಡನ್ನೂ ಒಂದೇ ಸಲ ತೆಗೆಯಬಹುದು. 11336689 ÷ 91 = 124579. ಮತ್ತೆ ಪರೀಕ್ಷೆ: 579 − 124 = 455, ಇದು 91 × 5. ಮತ್ತೆ ಭಾಗಿಸಿ: 124579 ÷ 91 = 1369. ಮತ್ತೆ: 369 − 1 = 368. ಇದಕ್ಕೆ 7 ಹೋಗುವುದಿಲ್ಲ, 13ಊ ಹೋಗುವುದಿಲ್ಲ. ಬದಿಯಲ್ಲಿ: 7, 7, 13, 13.

ಸಾವಿರದ ಇನ್ನೂರ ಕೋಟಿಯಿಂದ 1369ಕ್ಕೆ ಇಳಿದಾಯ್ತು.

ಮೂವತ್ತೇಳು

37 × 27 = 999. ಇದನ್ನೂ ನೆನಪಿಟ್ಟುಕೊಳ್ಳಿ. 1000 ಅಂದರೆ 999ಕ್ಕಿಂತ ಒಂದು ಜಾಸ್ತಿ, ಹಾಗಾಗಿ ಗುಂಪುಗಳನ್ನು ಕಳೆಯದೆ ಸುಮ್ನೆ ಕೂಡಿಸುತ್ತಾ ಹೋದರೆ 37ರ ಪರೀಕ್ಷೆ. 1 + 369 = 370. ಹೋಗುತ್ತದೆ. 1369 = 37 × 37. ಮುಗಿಯಿತು, ಕೈಯಲ್ಲಿ ಏನೂ ಉಳಿದಿಲ್ಲ.

ಬದಿಯ ಪಟ್ಟಿ ಓದಿ: 3, 3, 11, 11, 7, 7, 13, 13, 37, 37. ಎಲ್ಲವೂ ಜೋಡಿ ಜೋಡಿ. ಬಾಲ ನೋಡಿದಾಗ ಬಂದ ಗುಮಾನಿ ನಿಜವಾಯ್ತು, ಇದು ಪೂರ್ಣ ವರ್ಗ. ಪ್ರತಿ ಜೋಡಿಯಿಂದ ಒಂದೊಂದು ತೆಗೆದು ಗುಣಿಸಿದರೆ ವರ್ಗಮೂಲ. 3 × 37 = 111. 7 × 11 × 13 = 1001. 111 × 1001 = 111111.

ಆರು ಒಂದುಗಳು! ಮೆಟ್ಟಿಲು ಎಲ್ಲಿಂದ ಬಂತು ಎಂದು ಈಗ ಕಾಣಿಸುತ್ತದೆ. ಚೌಕದ ಪುಸ್ತಕದಲ್ಲಿ 111111 × 111111 ಗುಣಾಕಾರವನ್ನು ಶಾಲೆಯಲ್ಲಿ ಮಾಡಿದ ಹಾಗೆ ಉದ್ದಕ್ಕೆ ಬರೆಯಿರಿ. ಆರು ಸಾಲು, ಎಲ್ಲದರಲ್ಲೂ 111111, ಪ್ರತಿ ಸಾಲು ಒಂದು ಮನೆ ಎಡಕ್ಕೆ ಜರುಗಿರುತ್ತದೆ. ಬಲತುದಿಯ ಕಂಬದಲ್ಲಿ ಒಂದೇ 1, ಅದರ ಪಕ್ಕದಲ್ಲಿ ಎರಡು, ಆಮೇಲೆ ಮೂರು. ನಡುವಿನ ಕಂಬದಲ್ಲಿ ಆರು. ಆಮೇಲೆ ಇಳಿಯುತ್ತಾ ಬರುತ್ತದೆ. ಎಲ್ಲೂ ದಶಕ ತೆಗೆದುಕೊಳ್ಳುವ ಪ್ರಸಂಗ ಇಲ್ಲ, ಅದಕ್ಕೇ ಮೆಟ್ಟಿಲು ಅಷ್ಟು ಸ್ವಚ್ಛ. ಒಂಬತ್ತು ಒಂದುಗಳವರೆಗೂ ಹೀಗೇ ನಡೆಯುತ್ತದೆ: 111111111ರ ವರ್ಗ 12345678987654321. ಎಕ್ಸೆಲ್‌ಗೆ ಕೊಟ್ಟು ನೋಡಿ, ಕೊನೆಯ 21 ಮಾಯವಾಗಿ 00 ಆಗಿರುತ್ತದೆ. ಹತ್ತು ಒಂದುಗಳಿಗೆ ಹೋದರೆ ನಡುವಿನ ಕಂಬದಲ್ಲಿ 10 ಬಂದು ದಶಕ ಎಡಕ್ಕೆ ಹರಿಯುತ್ತದೆ, ಮೆಟ್ಟಿಲು ಕುಸಿಯುತ್ತದೆ: 1234567900987654321.

ಆಚಾರ್ಯರ ಗುಣಾಕಾರವೂ ಇಲ್ಲಿ ಬಯಲಾಗುತ್ತದೆ. 441 ಅಂದರೆ 21ರ ವರ್ಗ, ಅಂದರೆ 3 ಮತ್ತು 7ರ ಜೋಡಿಗಳು. ಉಳಿದ 11, 13, 37 ಸೇರಿ 5291, ಅದರ ವರ್ಗ 27994681. ಐದು ಜೋಡಿಗಳನ್ನು ಎರಡು ಬುಟ್ಟಿಗೆ ಹಂಚಿ, ವಿದ್ಯಾರ್ಥಿಯ ಮುಂದೆ ಇಟ್ಟಿದ್ದಾರೆ.

ಆ ಗುಣಾಕಾರ ಸರಿಯೇ ಎಂದು ತಾಳೆ ನೋಡುವಾಗ ಒಂದು ತಮಾಷೆ ಇದೆ. ಒಂಬತ್ತರಿಂದ ನೋಡಿದರೆ 441ರ ಶೇಷ ಸೊನ್ನೆ, ಉತ್ತರದ್ದೂ ಸೊನ್ನೆ. ಹನ್ನೊಂದರಿಂದ ನೋಡಿದರೆ 27994681ರದ್ದು ಸೊನ್ನೆ, ಉತ್ತರದ್ದೂ ಸೊನ್ನೆ. ಒಂದು ಕಡೆ ಸೊನ್ನೆ ಬಂತೆಂದರೆ ಇನ್ನೊಂದು ಕಡೆ ಏನೇ ತಪ್ಪು ಬರೆದಿದ್ದರೂ ಪರೀಕ್ಷೆ ಪಾಸಾಗಿಬಿಡುತ್ತದೆ. ಆ ಸಂಖ್ಯೆಗಳ ಒಳಗೆ ಇಲ್ಲದ ಭಾಜಕ ಬೇಕು. ಅದಕ್ಕೆ 101 ಹಿಡಿಯಿರಿ. ಈಗ ಎರಡೆರಡು ಅಂಕಿ ಕತ್ತರಿಸಿ, ಬಲದಿಂದ ಕೂಡಿಸಿ ಕಳೆಯಿರಿ. 27994681ಕ್ಕೆ 81−46+99−27 = 107, ಶೇಷ 6. 441ಕ್ಕೆ 41−4 = 37. ಆರು ಮೂವತ್ತೇಳಲ 222, ಅದರಲ್ಲಿ 202 ಹೋದರೆ 20. ಉತ್ತರಕ್ಕೆ 21−43+65−45+23−1 = 20. ತಾಳೆ ಬಂತು. 101ರ ಪರೀಕ್ಷೆ ಪಾಸಾದ ಲೆಕ್ಕದಲ್ಲಿ ನನಗೆ ಒಂಬತ್ತರದ್ದಕ್ಕಿಂತ ಜಾಸ್ತಿ ನಂಬಿಕೆ.

ಭಾಜಕ ಎಷ್ಟು?

ಈಗ ಪಟ್ಟಿ ಕೈಯಲ್ಲಿದೆ, ಉಳಿದದ್ದು ಹೂವೆತ್ತಿದ ಹಾಗೆ. ಭಾಜಕ ಕಟ್ಟಬೇಕಾದರೆ 3ನ್ನು ಒಂದೂ ತೆಗೆದುಕೊಳ್ಳದಿರಬಹುದು, ಒಂದು ತೆಗೆದುಕೊಳ್ಳಬಹುದು, ಎರಡೂ ತೆಗೆದುಕೊಳ್ಳಬಹುದು. ಮೂರು ದಾರಿ. 7ಕ್ಕೂ ಮೂರು, 11ಕ್ಕೂ, 13ಕ್ಕೂ, 37ಕ್ಕೂ. 3×3×3×3×3 = 243 ಭಾಜಕಗಳು.

“ಬೆಸ ಯಾಕೆ ಬಂತು ಅತ್ತೆ? ಭಾಜಕ ಯಾವಾಗಲೂ ಜೋಡಿ ಅಲ್ವಾ?” ಎಂದಳು ಹುಡುಗಿ. ಪ್ರಶ್ನೆ ಸರಿಯಾಗಿಯೇ ಇದೆ. 3ರ ಜೊತೆಗಾರ 4115218107, 7ರದ್ದು 1763664903, ಹೀಗೆ ಗುಣಿಸಿದರೆ ನಮ್ಮ ಸಂಖ್ಯೆ ಬರುವ ಜೋಡಿಗಳು 121. ಒಬ್ಬ ಮಾತ್ರ ತನಗೆ ತಾನೇ ಜೊತೆ: 111111. ಪೂರ್ಣ ವರ್ಗಕ್ಕೆ ಮಾತ್ರ ಭಾಜಕಗಳ ಎಣಿಕೆ ಬೆಸ.

ಎಲ್ಲ ಭಾಜಕಗಳ ಮೊತ್ತ ಬೇಕೆಂದರೆ 243 ಸಂಖ್ಯೆ ಬರೆದು ಕೂಡಿಸಬೇಕಿಲ್ಲ. ಪ್ರತಿ ಅವಿಭಾಜ್ಯಕ್ಕೂ 1, ಅದು, ಅದರ ವರ್ಗ ಕೂಡಿಸಿ, ಬಂದದ್ದನ್ನು ಗುಣಿಸಿ. 3ಕ್ಕೆ 1+3+9 = 13. 7ಕ್ಕೆ 57. 11ಕ್ಕೆ 133. 13ಕ್ಕೆ 183. 37ಕ್ಕೆ 1407.

13 × 57 × 133 × 183 × 1407 = 25,37,55,24,993

ಇದರಲ್ಲಿ ಸಂಖ್ಯೆಯನ್ನೇ ಕಳೆಯಿರಿ. ಉಳಿಯುವುದು 13,02,98,70,672. ತನ್ನ ಭಾಜಕಗಳನ್ನು ಕೂಡಿಸಿದರೆ ತನಗಿಂತ 68,42,16,351 ಜಾಸ್ತಿ! ಸಮ ಸಂಖ್ಯೆಗಳಲ್ಲಿ ಇದು ಮಾಮೂಲು, 12ಕ್ಕೇ 1+2+3+4+6 = 16 ಬರುತ್ತದೆ. ಬೆಸ ಸಂಖ್ಯೆಗಳಲ್ಲಿ ಅಪರೂಪ. ಹೀಗೆ ತನ್ನನ್ನು ಮೀರುವ ಅತಿ ಚಿಕ್ಕ ಬೆಸ ಸಂಖ್ಯೆ 945, ಅದರದ್ದು 975.

ನನಗೆ ತುಂಬ ಹಿಡಿಸಿದ ಭಾಗ ಇಲ್ಲಿದೆ. 37ನ್ನು ಪಕ್ಕಕ್ಕಿಟ್ಟು ಉಳಿದ ನಾಲ್ಕು ಜೋಡಿ ಮಾತ್ರ ತೆಗೆದುಕೊಳ್ಳಿ. 3×7×11×13 = 3003, ಅದರ ವರ್ಗ 90,18,009. ಭಾಜಕಗಳ ಮೊತ್ತ 13×57×133×183 = 1,80,35,199. ಸಂಖ್ಯೆಯನ್ನು ಕಳೆದರೆ 90,17,190. ತೊಂಬತ್ತು ಲಕ್ಷದಲ್ಲಿ ಬರೀ 819 ಕಮ್ಮಿ! ಕೂದಲೆಳೆಯಲ್ಲಿ ತಪ್ಪಿದೆ. ಮೊತ್ತ ಸರಿಯಾಗಿ ಸಂಖ್ಯೆಯಷ್ಟೇ ಬಂದಿದ್ದರೆ 6, 28ರ ಹಾಗೆ ಪರಿಪೂರ್ಣ ಸಂಖ್ಯೆ ಆಗುತ್ತಿತ್ತು. ಬೆಸ ಪರಿಪೂರ್ಣ ಸಂಖ್ಯೆ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದು ಸಾಬೀತೂ ಆಗಿಲ್ಲ. ಆದರೆ 3003ರ ವರ್ಗಕ್ಕೆ ಆ ಭಾಗ್ಯ ಮೊದಲೇ ಇರಲಿಲ್ಲ. 13, 57, 133, 183 ಎಲ್ಲವೂ ಬೆಸ, ಗುಣಲಬ್ಧವೂ ಬೆಸ. ಪರಿಪೂರ್ಣವಾಗಬೇಕಾದರೆ ಮೊತ್ತ ಸಂಖ್ಯೆಯ ದುಪ್ಪಟ್ಟು, ಅಂದರೆ ಸಮ ಆಗಬೇಕು. ಯಾವ ಬೆಸ ವರ್ಗವೂ ಈ ಬಾಗಿಲು ದಾಟುವುದಿಲ್ಲ. 37ರ ಜೋಡಿ ಬಂದು ಸೇರಿದ್ದರಿಂದ ನಮ್ಮ ಸಂಖ್ಯೆ ಗೆರೆಯ ಆಚೆ ಬಿತ್ತು.

ಪರೀಕ್ಷೆಗಳೆಲ್ಲ ಕೈಕೊಟ್ಟರೆ?

ಎಲ್ಲ ಸಂಖ್ಯೆಯೂ ಇಷ್ಟು ಒಳ್ಳೆಯ ಸ್ವಭಾವದ್ದಲ್ಲ. ಸಾಮಾನ್ಯ ನಿಯಮ ಇದು: ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಹನ್ನೊಂದು ಅಂಕಿಯ ಸಂಖ್ಯೆಗೆ ವರ್ಗಮೂಲ ಲಕ್ಷದ ಆಚೆ. ಒಂದು ಲಕ್ಷದ ಒಳಗೇ 9592 ಅವಿಭಾಜ್ಯ ಸಂಖ್ಯೆಗಳಿವೆ. ಕೈಯಲ್ಲಿ ಮಾಡುವ ಕೆಲಸ ಅಲ್ಲ.

ಅಂಥ ಕಡೆ ಸಂಖ್ಯೆ ಹುಟ್ಟಿದ ರೀತಿ ನೋಡಬೇಕು. 4294967297 ತೆಗೆದುಕೊಳ್ಳಿ. ಇದು 2ನ್ನು 32 ಸಲ ಗುಣಿಸಿ 1 ಕೂಡಿಸಿದ್ದು. ಫ್ರಾನ್ಸಿನ ಫರ್ಮಾ ಇದು ಅವಿಭಾಜ್ಯ ಎಂದು ನಂಬಿದ್ದರು. 1732ರಲ್ಲಿ ಆಯ್ಲರ್ ಒಡೆದು ತೋರಿಸಿದರು: 641 × 6700417. ಅವರ ಉಪಾಯ ಏನೆಂದರೆ, ಈ ರೀತಿ ಹುಟ್ಟಿದ ಸಂಖ್ಯೆಯ ಅವಿಭಾಜ್ಯ ಭಾಜಕ 64ರ ಮಡಿಗಿಂತ ಒಂದು ಜಾಸ್ತಿ ಇರಲೇಬೇಕು. ಹಾಗೆ ಬರುವ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೆ ಸಿಕ್ಕಿತು. ಒಂಬತ್ತರಿಂದ ತಾಳೆ ನೋಡಿ: 641ಕ್ಕೆ 2, 6700417ಕ್ಕೆ 7, ಎರಡೇಳಲ 14, ಅಂದರೆ 5. 4294967297ರ ಅಂಕಿಗಳ ಮೊತ್ತ 59, ಅದೂ 5.

ನಿಮ್ಮ ಅಭ್ಯಾಸಕ್ಕೆ ಮೊದಲು ಸುಲಭದ್ದು ಕೊಡುತ್ತೇನೆ. ಇದೂ ಆಚಾರ್ಯರದ್ದೇ: 152207 × 73 = 11111111. ಈ ಎಂಟು ಒಂದುಗಳನ್ನು ಪೂರ್ತಿ ಬಿಚ್ಚಿ. 11 ತಕ್ಷಣ ಸಿಗುತ್ತದೆ, 101 ಎರಡೆರಡು ಅಂಕಿಯ ಪರೀಕ್ಷೆಯಲ್ಲಿ ಸಿಗುತ್ತದೆ. ಕೊನೆಗೆ 11 × 73 × 101 × 137 ಬಂದರೆ ಸರಿ.

ಆಮೇಲೆ ಕಷ್ಟದ್ದು. ನಮ್ಮ ಮೆಟ್ಟಿಲಿಗೆ ಇನ್ನೊಂದು ಹಂತ ಸೇರಿಸಿ: 1234567654321. ನೋಡುವುದಕ್ಕೆ ಅದೇ ಮನೆಯ ಕೂಸು, ಏಳು ಒಂದುಗಳ ವರ್ಗ. ಮೇಲಿನ ಪರೀಕ್ಷೆಗಳನ್ನೆಲ್ಲ ಹಚ್ಚಿ ನೋಡಿ. ಅಂಕಿಗಳ ಮೊತ್ತ 49, ಮೂರರಿಂದ ಭಾಗಿಸಿದರೆ ಶೇಷ 1. ಹನ್ನೊಂದರ ಪರೀಕ್ಷೆಗೆ 1. ಮೂರು ಮೂರು ಅಂಕಿಯ ಗುಂಪು: 321−654+567−234+1 = 1, ಹಾಗಾಗಿ 7ಕ್ಕೂ 13ಕ್ಕೂ ಶೇಷ 1. ಗುಂಪುಗಳನ್ನು ಕೂಡಿಸಿದರೆ 1777, ಅಂದರೆ 1+777 = 778, ಇದು 37 × 21ಕ್ಕಿಂತ ಒಂದು ಜಾಸ್ತಿ. ಅಲ್ಲೂ 1! ಐದಕ್ಕೆ ಐದೂ ಕಡೆ ಒಂದೇ ಉತ್ತರ. ಇದರಲ್ಲಿ ಮಾಯ ಏನೂ ಇಲ್ಲ. 1111111 ಅಂದರೆ 111111 × 10 + 1. ಹಿಂದಿನ ಮೆಟ್ಟಿಲಿಗೆ ಹೋಗಿದ್ದ ಅವಿಭಾಜ್ಯಗಳೆಲ್ಲ ಇಲ್ಲಿ ಒಂದು ಉಳಿಸಿ ಹೊರಗೆ ನಿಲ್ಲುತ್ತವೆ.

ಹಾಗಾದರೆ ಆಯ್ಲರ್ ದಾರಿ ಹಿಡಿಯಿರಿ. ಏಳು ಒಂದುಗಳ ಸಂಖ್ಯೆಯ ಅವಿಭಾಜ್ಯ ಭಾಜಕ 14ರ ಮಡಿಗಿಂತ ಒಂದು ಜಾಸ್ತಿ ಇರಲೇಬೇಕು. ಅಂಥ ಅವಿಭಾಜ್ಯಗಳು 29, 43, 71, 113, 127, 197, 211, 239. ವರ್ಗವನ್ನು ಮುಟ್ಟಬೇಡಿ, 1111111ನ್ನೇ ಭಾಗಿಸುತ್ತಾ ಹೋಗಿ. ಮೊದಲ ಏಳೂ ಶೇಷ ಉಳಿಸುತ್ತವೆ. ಎಂಟನೆಯದಕ್ಕೆ ಸರಿಯಾಗಿ ಹೋಗುತ್ತದೆ: 239 × 4649. ಈಗ 4649 ಅವಿಭಾಜ್ಯವೇ ಎಂದು ಬೇರೆ ಪರೀಕ್ಷೆ ಬೇಡ. ಅದರ ವರ್ಗಮೂಲ 69ಕ್ಕಿಂತ ಕಮ್ಮಿ, ಆ ಮಿತಿಯೊಳಗೆ ನಿಮ್ಮ ಪಟ್ಟಿಯಲ್ಲಿದ್ದದ್ದು 29, 43 ಎರಡೇ, ಅವೆರಡೂ ಆಗಲೇ ಸೋತಿವೆ. ಹದಿಮೂರು ಅಂಕಿಯ ಈ ಸಂಖ್ಯೆಗೆ ಭಾಜಕ ಒಟ್ಟು ಒಂಬತ್ತು. ಅದರ ಹಿಂದಿನದಕ್ಕೆ 243 ಇದ್ದವು.